ಪಾದದ ನೋವಿಗೆ ಬಲ ತರುವ ವ್ಯಾಯಾಮ, ಸಮಗ್ರ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಾದ ನೋಯುತ್ತದೆ ಅಂದರೆ ಎಲ್ಲರೂ ಹೇಳುವುದು ಎರಡೇ ಮಾತು: ಓಡಾಟ ಕಮ್ಮಿ ಮಾಡಿ, ಮೆತ್ತನೆಯ ಚಪ್ಪಲಿ ಹಾಕಿ. ಸುಳ್ಳಲ್ಲ, ಮೊದಲ ಕೆಲವು ದಿನಕ್ಕೆ ಎರಡೂ ಬೇಕು. ಆಮೇಲೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಪಾದ ನೋಡುವ ಪೋಡಿಯಾಟ್ರಿಸ್ಟ್‌ಗಳು, ಫಿಸಿಯೋಥೆರಪಿಸ್ಟ್‌ಗಳು ಈಗ ಹೆಚ್ಚು ಗಮನ ಕೊಡುತ್ತಿರುವುದು ಅದಕ್ಕೇ. ಅದರ ಸುತ್ತ ಜನ ಕೇಳುವ ಪ್ರಶ್ನೆಗಳು ಇಲ್ಲಿವೆ.

ನೋಯುವ ಪಾದಕ್ಕೆ ವಿಶ್ರಾಂತಿ ಬೇಕಲ್ವಾ? ವ್ಯಾಯಾಮ ಯಾಕೆ?

ಒಂದು ಪಾದದಲ್ಲಿ 26 ಮೂಳೆ, 33 ಕೀಲು ಇವೆ. ಅವನ್ನು ಹಿಡಿದಿಡುವ ಸಣ್ಣ ಸ್ನಾಯುಗಳು ಅಂಗಾಲಿನಲ್ಲಿ ನಾಲ್ಕು ಪದರಗಳಾಗಿ ಕೂತಿವೆ. ನಡೆಯುವಾಗ ಪ್ರತಿ ಹೆಜ್ಜೆಗೂ ಮೈತೂಕಕ್ಕಿಂತ ಸ್ವಲ್ಪ ಜಾಸ್ತಿ ಭಾರ ಪಾದದ ಮೇಲೆ ಬೀಳುತ್ತದೆ. ಓಡುವಾಗ ಅದು ಎರಡು-ಮೂರು ಪಟ್ಟು. ತಡೆಯುವ ಶಕ್ತಿಗಿಂತ ಬೀಳುವ ಭಾರ ಜಾಸ್ತಿಯಾದಾಗ ನೋವು ಶುರು.

ವಿಶ್ರಾಂತಿ ತೆಗೆದುಕೊಂಡರೆ ಭಾರ ಇಳಿಯುತ್ತದೆ, ನೋವೂ ಇಳಿಯುತ್ತದೆ. ಆದರೆ ಕೆಲಸವಿಲ್ಲದ ಸ್ನಾಯು, ಅದನ್ನು ಮೂಳೆಗೆ ಕಟ್ಟುವ ಟೆಂಡನ್‌ಗಳ ಬಲವೂ ಜೊತೆಗೇ ಇಳಿಯುತ್ತದೆ. ಕೆಲವು ವಾರ ಬಿಟ್ಟು ಹಳೆಯ ಓಡಾಟಕ್ಕೆ ಮರಳಿದಾಗ ಭಾರ ಮೊದಲಿನಷ್ಟೇ ಇರುತ್ತದೆ, ತಡೆಯುವ ಶಕ್ತಿ ಮಾತ್ರ ಕಮ್ಮಿ. "ರೆಸ್ಟ್ ಮಾಡಿದಾಗ ಚೆನ್ನಾಗಿತ್ತು, ನಡೆದ ಕೂಡಲೇ ಮತ್ತೆ ಬಂತು" ಅನ್ನುವ ಮಾತು ಅದಕ್ಕೇ ಇಷ್ಟು ಕೇಳಿಬರುವುದು.

ಹಾಗಂತ ಎಲ್ಲ ನೋವಿಗೂ ವ್ಯಾಯಾಮವೇ ಮದ್ದಲ್ಲ. ಮೂಳೆ ಬಿರುಕು ಬಿಟ್ಟಿದ್ದರೆ, ಕಣಕಾಲು ಈಗಷ್ಟೇ ಉಳುಕಿ ಊದಿದ್ದರೆ, ಪಾದದಲ್ಲಿ ಗಾಯವಿದ್ದರೆ, ಕೀಲಿನಲ್ಲಿ ಹರಳು ಕಟ್ಟುವ ಗೌಟ್‌ನಿಂದ ಹೆಬ್ಬೆರಳು ಕೆಂಪಾಗಿ ಉರಿಯುತ್ತಿದ್ದರೆ ಮೊದಲು ಅದನ್ನು ನೋಡಬೇಕು.

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದರೆ ಹಿಮ್ಮಡಿ ಚುಚ್ಚುತ್ತದೆ. ಇದೇನು?

ಹೆಚ್ಚಾಗಿ ಪ್ಲಾಂಟರ್ ಫ್ಯಾಸಿಯೈಟಿಸ್. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ, ಅದೇ ಪ್ಲಾಂಟರ್ ಫ್ಯಾಸಿಯಾ. ಹೆಬ್ಬೆರಳು ಮೇಲಕ್ಕೆ ಬಾಗಿದಾಗ ಈ ಪಟ್ಟಿ ಬಿಗಿಯಾಗುತ್ತದೆ, ಪಾದದ ಕಮಾನು ಮೇಲೇಳುತ್ತದೆ, ಪಾದ ಗಟ್ಟಿಯಾಗಿ ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ಇದನ್ನು 1954ರಲ್ಲಿ ಹಿಕ್ಸ್ ಎಂಬ ಸಂಶೋಧಕರು ವಿವರಿಸಿದರು. 'ವಿಂಡ್‌ಲಾಸ್' (ಹಗ್ಗ ಸುತ್ತಿ ಭಾರ ಎಳೆಯುವ ರಾಟೆ) ಅನ್ನುವ ಹೆಸರೂ ಅವರು ಕೊಟ್ಟದ್ದೇ.

ಈ ಪಟ್ಟಿ ಹಿಮ್ಮಡಿಗೆ ಅಂಟಿಕೊಂಡ ಜಾಗದಲ್ಲಿ ಸವೆದು ದಪ್ಪಗಾದಾಗ ನೋವು ಬರುತ್ತದೆ. ರಾತ್ರಿಯಿಡೀ ಸುಮ್ನಿದ್ದು ಬೆಳಿಗ್ಗೆ ಒಮ್ಮೆಲೇ ಎಳೆತ ಬೀಳುವುದರಿಂದ ಮೊದಲ ಹೆಜ್ಜೆಗಳೇ ಕಷ್ಟ. ನಾಲ್ಕು ಹೆಜ್ಜೆ ನಡೆದರೆ ಸಡಿಲವಾಗುತ್ತದೆ. ಸಂಜೆ ಹೊತ್ತಿಗೆ, ಜಾಸ್ತಿ ನಿಂತಿದ್ದರೆ, ಮತ್ತೆ ಬರುತ್ತದೆ.

ಅದಕ್ಕೆ ಯಾವ ವ್ಯಾಯಾಮ?

ಎಲ್ಲರೂ ಹೇಳುವುದು ತುದಿಗಾಲಲ್ಲಿ ಏಳುವ ವ್ಯಾಯಾಮ, ಆದರೆ ಒಂದು ಸಣ್ಣ ಬದಲಾವಣೆಯೊಂದಿಗೆ. 2015ರಲ್ಲಿ ಡೆನ್ಮಾರ್ಕ್‌ನ ರಾಥ್‌ಲೆಫ್ ಮತ್ತು ಜೊತೆಗಾರರು 48 ಜನರ ಮೇಲೆ ಇದನ್ನು ಪರೀಕ್ಷಿಸಿದರು. ಮೆಟ್ಟಿಲಿನ ಅಂಚಿನಲ್ಲಿ ಒಂದು ಟವೆಲ್ ಸುರುಳಿ ಸುತ್ತಿ ಬೆರಳುಗಳ ಕೆಳಗೆ ಇಡುವುದು. ಬೆರಳು ಮೇಲಕ್ಕೆ ಬಾಗಿರುವುದರಿಂದ ಪಟ್ಟಿ ಮೊದಲೇ ಬಿಗಿಯಾಗಿರುತ್ತದೆ. ಹಾಗೇ ಒಂದೇ ಕಾಲಿನ ಮೇಲೆ ನಿಂತು, 3 ಸೆಕೆಂಡ್‌ನಲ್ಲಿ ಮೇಲೆ, 2 ಸೆಕೆಂಡ್ ಅಲ್ಲೇ, 3 ಸೆಕೆಂಡ್‌ನಲ್ಲಿ ಕೆಳಗೆ. ದಿನ ಬಿಟ್ಟು ದಿನ.

ಶುರುವಿನಲ್ಲಿ ಹೆಚ್ಚೆಂದರೆ 12 ಸಲ ಮಾಡಲು ಆಗುವಷ್ಟು ಭಾರ ಇಟ್ಟುಕೊಂಡು 3 ಸುತ್ತು. ಎರಡು ವಾರದ ನಂತರ ಬೆನ್ನಿನ ಚೀಲಕ್ಕೆ ಪುಸ್ತಕ ತುಂಬಿ ಭಾರ ಹೆಚ್ಚಿಸಿ, 10 ಸಲದ 4 ಸುತ್ತು. ನಾಲ್ಕು ವಾರದ ನಂತರ ಇನ್ನೂ ಭಾರ ಹಾಕಿ, 8 ಸಲದ 5 ಸುತ್ತು. ಒಂದು ಕಾಲಲ್ಲಿ ಆಗದಿದ್ದರೆ ಎರಡೂ ಕಾಲು ಊರಿ ಶುರು ಮಾಡಬಹುದು. ಸಮತೋಲನಕ್ಕೆ ಗೋಡೆ ಹಿಡಿದುಕೊಳ್ಳಿ.

ಮೂರು ತಿಂಗಳ ಹೊತ್ತಿಗೆ ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ಈ ಗುಂಪಿನವರು ಚೆನ್ನಾಗಿದ್ದರು. ವರ್ಷದ ಕೊನೆಗೆ ಎರಡೂ ಗುಂಪು ಒಂದೇ. ಅಂದರೆ ಬೇಗ ಸುಧಾರಿಸಲು ಇದು ನೆರವಾಯಿತು, ಅಷ್ಟೇ.

ಇನ್ನೂ ಒಂದು ಮಾತು ಮುಚ್ಚಿಡಬಾರದು. 2023ರಲ್ಲಿ ಡೆನ್ಮಾರ್ಕ್‌ನಲ್ಲೇ 180 ಜನರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಸರಿಯಾದ ಸಲಹೆ ಮತ್ತು ಹಿಮ್ಮಡಿಗೆ ಮೆತ್ತೆ ಪಡೆದವರಿಗಿಂತ, ಅದರ ಜೊತೆ ಈ ವ್ಯಾಯಾಮವನ್ನೂ ಮಾಡಿದವರು 12 ವಾರಕ್ಕೆ ಹೆಚ್ಚೇನೂ ಮುಂದಿರಲಿಲ್ಲ. ಹಾಗಾಗಿ ಹಿಮ್ಮಡಿ ನೋವಿಗೆ ಈ ವ್ಯಾಯಾಮವೇ ಪವಾಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೂ ನಾನು ಇದನ್ನು ಮಾಡಿ ಎಂದೇ ಹೇಳುತ್ತೇನೆ. ಮೀನಖಂಡಕ್ಕೆ ಬಲ ಬರುವುದರಿಂದ ನಷ್ಟವಿಲ್ಲ, ಖರ್ಚೂ ಇಲ್ಲ. ನಿಮ್ಮ ಓಡಾಟವನ್ನು ಲೆಕ್ಕಕ್ಕೆ ತಗೊಳ್ಳದೆ ವ್ಯಾಯಾಮ ಒಂದನ್ನೇ ನೆಚ್ಚಿಕೊಂಡರೆ ಸಾಲದು ಅನ್ನುವುದೇ ಇಲ್ಲಿ ತಿಳಿಯಬೇಕಾದ್ದು.

ಎಕ್ಸ್‌ರೇಯಲ್ಲಿ ಹಿಮ್ಮಡಿಯ ಮೂಳೆ ಬೆಳೆದಿದೆ ಅಂದರು. ಅದನ್ನು ತೆಗೆಸಬೇಕಾ?

ಹೆದರಬೇಡಿ. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಈ ಮುಳ್ಳು ಕಾಣುತ್ತದೆ. ನೋವು ಹೋದ ಮೇಲೂ ಅದು ಅಲ್ಲೇ ಇರುತ್ತದೆ. ಅದೊಂದೇ ಕಾರಣಕ್ಕೆ ಆಪರೇಷನ್ ಬೇಕಾಗುವುದು ತೀರಾ ಅಪರೂಪ.

ವ್ಯಾಯಾಮ ಮಾಡುವಾಗ ನೋವಾದರೆ ನಿಲ್ಲಿಸಬೇಕಾ?

ಸ್ವಲ್ಪ ನೋವಾದರೆ ಪರವಾಗಿಲ್ಲ. ಟೆಂಡನ್ ನೋವಿಗೆ ಚಿಕಿತ್ಸೆ ಕೊಡುವವರು ಬಳಸುವ ಒಂದು ಸರಳ ಅಳತೆ ಇದೆ. ನೋವೇ ಇಲ್ಲದಿದ್ದರೆ 0, ತಡೆಯಲಾಗದ್ದು 10. ವ್ಯಾಯಾಮದ ಹೊತ್ತಿನಲ್ಲಿ 5ರವರೆಗೆ ಬಂದರೂ ಸರಿ, ಮುಗಿದ ಮೇಲೂ ಅಷ್ಟಿದ್ದರೆ ಸರಿ. ಆದರೆ ಮರುದಿನ ಬೆಳಿಗ್ಗೆ ಹೊತ್ತಿಗೆ ಇಳಿದಿರಬೇಕು. ವಾರದಿಂದ ವಾರಕ್ಕೆ ನೋವು, ಬಿಗಿತ ಏರುತ್ತಾ ಹೋಗಬಾರದು.

ಮರುದಿನ ಜಾಸ್ತಿ ಅನ್ನಿಸಿದರೆ ಪೂರ್ತಿ ಬಿಡಬೇಡಿ. ಭಾರ ಇಳಿಸಿ, ಇಲ್ಲವೇ ಸುತ್ತು ಕಮ್ಮಿ ಮಾಡಿ. ಒಂದು ದಿನ ಕೆಟ್ಟರೆ "ನನಗೆ ಇದು ಆಗಿಬರಲ್ಲ" ಅಂತ ಕೈಬಿಡುವವರೇ ಜಾಸ್ತಿ. ಮೂಳೆಯ ಒಂದೇ ಬಿಂದುವಿನಲ್ಲಿ ಬೆರಳಿಟ್ಟು ತೋರಿಸಬಹುದಾದ ಚುಚ್ಚುವ ನೋವು ಬಂದರೆ ಮಾತ್ರ ನಿಲ್ಲಿಸಿ, ತೋರಿಸಿಕೊಳ್ಳಿ.

ಹಿಮ್ಮಡಿಯ ಹಿಂಭಾಗ, ಮೇಲ್ಗಡೆ ನೋವು. ಅದಕ್ಕೂ ಇದೇನಾ?

ಅದು ಮೀನಖಂಡವನ್ನು ಹಿಮ್ಮಡಿಗೆ ಸೇರಿಸುವ ಅಕಿಲಿಸ್ ಟೆಂಡನ್ ಇರುವ ಜಾಗ. ಬಲ ತರುವ ವ್ಯಾಯಾಮಕ್ಕೆ ಪಾದದ ಚಿಕಿತ್ಸೆಯಲ್ಲಿ ಗಟ್ಟಿ ಜಾಗ ಸಿಕ್ಕಿದ್ದೇ ಈ ಟೆಂಡನ್‌ನಿಂದ. 1998ರಲ್ಲಿ ಸ್ವೀಡನ್‌ನ ಆಲ್‌ಫ್ರೆಡ್‌ಸನ್ ಮತ್ತು ಸಂಗಡಿಗರು, ದೀರ್ಘಕಾಲದ ನೋವಿದ್ದ 15 ಜನರಿಗೆ ಮೆಟ್ಟಿಲಂಚಿನಿಂದ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮ ಮಾಡಿಸಿದರು. ಮಂಡಿ ನೇರವಿಟ್ಟು 15 ಸಲದ 3 ಸುತ್ತು, ಮಂಡಿ ಬಗ್ಗಿಸಿ ಮತ್ತೆ 3 ಸುತ್ತು. ದಿನಕ್ಕೆ ಎರಡು ಹೊತ್ತು, 12 ವಾರ. ಎಲ್ಲರೂ ಮತ್ತೆ ಓಡುವಂತಾದರು.

ಲೆಕ್ಕ ಹಾಕಿದರೆ ದಿನಕ್ಕೆ 180 ಸಲ! ಎಷ್ಟು ಜನ ಪಟ್ಟು ಹಿಡಿದು ಮಾಡುತ್ತಾರೆ? ಅದೃಷ್ಟಕ್ಕೆ 2015ರ ಇನ್ನೊಂದು ಅಧ್ಯಯನದಲ್ಲಿ, ವಾರಕ್ಕೆ ಮೂರು ದಿನ ಮಾತ್ರ ಹೆಚ್ಚು ಭಾರ ಹಾಕಿ ನಿಧಾನವಾಗಿ ಮಾಡಿದರೂ ಅಷ್ಟೇ ಫಲ ಸಿಕ್ಕಿತು. ಸಮಯ ಕಡಿಮೆ ಇದ್ದವರಿಗೆ ನನ್ನ ಆಯ್ಕೆ ಎರಡನೆಯದು.

ಒಂದು ಎಚ್ಚರಿಕೆ. ಟೆಂಡನ್ ಹಿಮ್ಮಡಿ ಮೂಳೆಗೆ ಸೇರುವ ಜಾಗದಲ್ಲೇ ನೋವಿದ್ದರೆ ಹಿಮ್ಮಡಿಯನ್ನು ಮೆಟ್ಟಿಲಿನ ಕೆಳಗೆ ಇಳಿಸಬೇಡಿ. ಅಲ್ಲಿ ಮೂಳೆಗೆ ಒತ್ತಿ ಇನ್ನಷ್ಟು ನೋಯುತ್ತದೆ. ಸಮತಟ್ಟು ನೆಲದಲ್ಲಿ ಮಾಡಿದರೆ ಸಾಕು.

ಮಂಡಿ ನೇರವಿಟ್ಟು ಒಮ್ಮೆ, ಬಗ್ಗಿಸಿ ಒಮ್ಮೆ ಯಾಕೆ?

ಮೀನಖಂಡದಲ್ಲಿ ಎರಡು ದೊಡ್ಡ ಸ್ನಾಯುಗಳಿವೆ. ಹೊರಗೆ ಕಾಣುವ ಗ್ಯಾಸ್ಟ್ರಾಕ್ನೀಮಿಯಸ್ ಮಂಡಿಯನ್ನು ದಾಟಿ ಹೋಗುತ್ತದೆ, ಒಳಗಿನ ಸೋಲಿಯಸ್ ದಾಟುವುದಿಲ್ಲ. ಮಂಡಿ ಬಗ್ಗಿಸಿದಾಗ ಸೋಲಿಯಸ್‌ಗೆ ಹೆಚ್ಚು ಕೆಲಸ. ನಿಧಾನ ಓಟದಲ್ಲಿ ಜಾಸ್ತಿ ದುಡಿಯುವುದು ಇದೇ.

ಪಾದದೊಳಗಿನ ಸಣ್ಣ ಸ್ನಾಯುಗಳಿಗೆ ಬೇರೆ ವ್ಯಾಯಾಮ ಇದೆಯಾ?

ಇದೆ. 'ಫುಟ್ ಕೋರ್' ಅನ್ನುವ ಮಾತು 2015ರ ಒಂದು ಲೇಖನದಿಂದ ಹರಡಿತು. ಸೊಂಟಕ್ಕೆ ಹೊಟ್ಟೆಯ ಸ್ನಾಯು ಆಧಾರವಾದ ಹಾಗೆ ಪಾದದ ಕಮಾನಿಗೆ ಈ ಸಣ್ಣ ಸ್ನಾಯುಗಳು ಅನ್ನುವುದು ಅದನ್ನು ಬರೆದವರ ವಾದ.

ಹೆಚ್ಚು ಬಳಸುವುದು 'ಶಾರ್ಟ್ ಫುಟ್'. ಕುರ್ಚಿಯಲ್ಲಿ ಕೂತು ಪಾದವನ್ನು ನೆಲಕ್ಕೆ ಊರಿ. ಬೆರಳುಗಳನ್ನು ಮಡಚದೆ, ಹೆಬ್ಬೆರಳಿನ ಬುಡವನ್ನು ಹಿಮ್ಮಡಿಯ ಕಡೆಗೆ ಎಳೆದುಕೊಳ್ಳಿ. ಕಮಾನು ಸ್ವಲ್ಪ ಮೇಲೇಳುತ್ತದೆ. ಐದಾರು ಸೆಕೆಂಡ್ ಹಿಡಿದು ಬಿಡಿ. ಮೊದಲ ವಾರ ಏನೂ ಅಲುಗಾಡುವುದಿಲ್ಲ, ಬೆರಳು ತಾನಾಗಿ ಮಡಚಿಕೊಳ್ಳುತ್ತದೆ, ಬೇಸರವೂ ಬರುತ್ತದೆ. ಅದು ಎಲ್ಲರಿಗೂ ಹಾಗೆಯೇ. ಕೂತು ಮಾಡಲು ಬಂದ ಮೇಲೆ ನಿಂತು, ಆಮೇಲೆ ಒಂದೇ ಕಾಲಲ್ಲಿ ನಿಂತು ಮಾಡಿ. ಹೆಬ್ಬೆರಳನ್ನು ಒತ್ತಿ ಉಳಿದ ನಾಲ್ಕನ್ನು ಎತ್ತುವುದು, ನಾಲ್ಕನ್ನು ಒತ್ತಿ ಹೆಬ್ಬೆರಳನ್ನು ಎತ್ತುವುದು ಇನ್ನೊಂದು.

ಬ್ರೆಜಿಲ್‌ನಲ್ಲಿ 118 ಓಟಗಾರರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಾದದ ವ್ಯಾಯಾಮ ಮಾಡದವರಿಗೆ ವರ್ಷದೊಳಗೆ ಓಟದ ಗಾಯ ಆಗುವ ಸಂಭವ ಮಾಡಿದವರಿಗಿಂತ 2.42 ಪಟ್ಟು ಇತ್ತು.

ನೆಲದ ಮೇಲಿನ ಟವೆಲ್ ಅನ್ನು ಬೆರಳಿನಿಂದ ಮುದುಡಿ ಎಳೆಯುವ ವ್ಯಾಯಾಮ ತುಂಬಾ ಪ್ರಸಿದ್ಧ. ನನಗೆ ಅದರ ಮೇಲೆ ಅಷ್ಟು ಒಲವಿಲ್ಲ. ಅದರಲ್ಲಿ ದುಡಿಯುವುದು ಹೆಚ್ಚಾಗಿ ಕಾಲಿನಿಂದ ಇಳಿದು ಬರುವ ಉದ್ದ ಸ್ನಾಯುಗಳು, ಭಾರವೂ ಹೆಚ್ಚಿಲ್ಲ.

ನನ್ನ ಕಾಲಿಗೆ ಬಲ ಸಾಲದು ಅಂತ ಹೇಗೆ ತಿಳಿಯುವುದು?

ಗೋಡೆಗೆ ಬೆರಳು ತಾಗಿಸಿಕೊಂಡು, ಮಂಡಿ ನೇರವಿಟ್ಟು, ಒಂದೇ ಕಾಲಿನ ತುದಿಯಲ್ಲಿ ಎಷ್ಟು ಸಲ ಪೂರ್ತಿ ಏಳಬಲ್ಲಿರಿ ನೋಡಿ. ಬಹುಕಾಲದಿಂದ 25 ಸಲವನ್ನು ಮಟ್ಟವೆಂದು ಇಟ್ಟುಕೊಂಡಿದ್ದಾರೆ. ವಯಸ್ಸಾದಂತೆ ಅದು ಇಳಿಯುವುದು ಸಹಜ, ಆ ಸಂಖ್ಯೆಗೆ ಬರಲಿಲ್ಲ ಅಂತ ಕೊರಗಬೇಕಿಲ್ಲ. ಎರಡು ಕಾಲಿನ ನಡುವಿನ ವ್ಯತ್ಯಾಸ ಗಮನಿಸಿ. ಬಲಗಾಲಲ್ಲಿ 20, ಎಡಗಾಲಲ್ಲಿ 8 ಅಂದರೆ ಕೆಲಸ ಎಲ್ಲಿದೆ ಅಂತ ಗೊತ್ತಾಯಿತು.

ಸಮಗ್ರ ಚಿಕಿತ್ಸೆ ಅಂತಾರಲ್ಲ, ಅದರಲ್ಲಿ ಏನೇನು ನೋಡುತ್ತಾರೆ?

ಪಾದ ಒಂದನ್ನೇ ನೋಡದೆ, ಆ ಪಾದ ಯಾರದು, ಅವರ ದಿನ ಹೇಗೆ ಕಳೆಯುತ್ತದೆ ಅಂತಲೂ ನೋಡುವುದು. ಒಳ್ಳೆಯ ಪೋಡಿಯಾಟ್ರಿಸ್ಟ್ ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಪಾದದ ಬಗ್ಗೆ ಇರುವುದೇ ಇಲ್ಲ.

ಮೊದಲನೆಯದು, ನೋವು ಶುರುವಾಗುವ ಮುಂಚಿನ ಒಂದೆರಡು ತಿಂಗಳು ಏನು ಬದಲಾಯಿತು? ಹೊಸ ಕೆಲಸ, ದಿನವಿಡೀ ನಿಲ್ಲುವುದು, ಒಮ್ಮೆಲೇ ಜಾಸ್ತಿ ಓಟ, ಹೊಸ ಶೂ, ಗಟ್ಟಿ ನೆಲ. ಉತ್ತರ ಬಹಳ ಸಲ ಇಲ್ಲೇ ಸಿಕ್ಕಿಬಿಡುತ್ತದೆ. ಹತ್ತು ಗಂಟೆ ನಿಂತು ಕೆಲಸ ಮಾಡುವವರಿಗೆ ಐದು ನಿಮಿಷದ ವ್ಯಾಯಾಮ ಹೇಳಿ ಕಳಿಸಿದರೆ ಏನು ಬಂತು? ನಡುವೆ ಕೂರಲು ಅವಕಾಶ ಇದೆಯಾ, ನಿಲ್ಲುವ ಜಾಗಕ್ಕೆ ಮೆತ್ತನೆ ಚಾಪೆ ಹಾಕಬಹುದಾ ಅಂತ ಅವರ ಜೊತೆ ಕೂತು ಯೋಚಿಸಬೇಕು.

ಎರಡನೆಯದು, ತೂಕ. ತೂಕ ಜಾಸ್ತಿ ಇರುವವರಲ್ಲಿ ಹಿಮ್ಮಡಿ ನೋವು ಹೆಚ್ಚು ಅನ್ನುವುದು ನಿಜ. ಆದರೆ "ಮೊದಲು ತೂಕ ಇಳಿಸಿ ಬನ್ನಿ" ಅಂತ ಕಳಿಸುವುದು ಚಿಕಿತ್ಸೆಯಲ್ಲ. ಕಾಲು ನೋಯುವವರು ನಡೆದು ತೂಕ ಇಳಿಸುವುದಾದರೂ ಹೇಗೆ? ಈಜು, ಸೈಕಲ್, ಕೂತು ಮಾಡುವ ವ್ಯಾಯಾಮ ಹೇಳಿಕೊಟ್ಟು, ಪಾದದ ಚಿಕಿತ್ಸೆಯನ್ನು ಅದೇ ದಿನ ಶುರು ಮಾಡಬೇಕು.

ಮೂರನೆಯದು, ನಿದ್ದೆ ಮತ್ತು ಮನಸ್ಸು. ನಿದ್ದೆ ಕೆಟ್ಟರೆ ನೋವು ಜಾಸ್ತಿ ಅನ್ನಿಸುತ್ತದೆ. ನಡೆದರೆ ಏನೋ ಹರಿದುಹೋಗುತ್ತದೆ ಅನ್ನುವ ಭಯ ಇರುವವರ ನೋವು ಹೆಚ್ಚು ತೀವ್ರವಾಗಿರುತ್ತದೆ ಅಂತ ಹಿಮ್ಮಡಿ ನೋವಿನ ಅಧ್ಯಯನಗಳು ತೋರಿಸಿವೆ. ನೋವು ಬರೀ ಮನಸ್ಸಿನದು ಅಂತ ಇದರ ಅರ್ಥವಲ್ಲ. ನೋವಿರುವುದು ಪಾದದಲ್ಲೇ, ಆದರೆ ಭಯ ಅದರ ದನಿಯನ್ನು ಏರಿಸುತ್ತದೆ.

ಧೂಮಪಾನ, ಶುಗರ್, ಥೈರಾಯ್ಡ್, ತಗೊಳ್ಳುತ್ತಿರುವ ಮಾತ್ರೆಗಳು, ಇವನ್ನೂ ಕೇಳಬೇಕು. ಸಿಪ್ರೊಫ್ಲಾಕ್ಸಾಸಿನ್ ತರಹದ ಆಂಟಿಬಯಾಟಿಕ್‌ಗಳು ಅಕಿಲಿಸ್ ಟೆಂಡನ್‌ಗೆ ಹಾನಿ ಮಾಡಬಹುದು. ಅಂಥ ಮಾತ್ರೆ ತಗೊಳ್ಳುವಾಗ ಟೆಂಡನ್ ನೋಯಲು ಶುರುವಾದರೆ ತಕ್ಷಣ ವೈದ್ಯರಿಗೆ ಹೇಳಿ.

ಮಸಾಜ್, ಐಸ್, ಬಾಟಲಿ ಉರುಳಿಸುವುದು, ಅಕ್ಯುಪಂಕ್ಚರ್?

ಹಿತ ಅನ್ನಿಸಿದರೆ ಮಾಡಿ. ಇವು ಕೆಲ ಹೊತ್ತು ನೋವು ತಗ್ಗಿಸುತ್ತವೆ, ಆ ಹೊತ್ತಿನಲ್ಲಿ ವ್ಯಾಯಾಮ ಸುಲಭವಾಗುತ್ತದೆ. ಪಾದಕ್ಕೆ ಬಲ ಬರುವುದು ಇವುಗಳಿಂದಲ್ಲ. ಪಾದದಲ್ಲಿ ಜೋಮು ಇರುವವರು ಐಸ್, ಬಿಸಿ ಎರಡನ್ನೂ ನೇರವಾಗಿ ಇಡಬಾರದು. ಸುಟ್ಟರೂ ಗೊತ್ತಾಗುವುದಿಲ್ಲ.

ಅಳತೆ ಕೊಟ್ಟು ಮಾಡಿಸಿದ ದುಬಾರಿ ಇನ್‌ಸೋಲ್ (ಶೂ ಒಳಗೆ ಹಾಕುವ ಮೆತ್ತೆ) ಬೇಕೇ ಬೇಕಾ?

ಹಿಮ್ಮಡಿ ನೋವಿಗೆ ಹೆಚ್ಚಿನವರಿಗೆ ಬೇಡ. ಸಿದ್ಧ ಇನ್‌ಸೋಲ್ ಮತ್ತು ಅಳತೆಯ ಇನ್‌ಸೋಲ್ ಹೋಲಿಸಿದ 2006ರ ಅಧ್ಯಯನದಲ್ಲಿ ಎರಡರ ಫಲ ಸುಮಾರು ಒಂದೇ ಇತ್ತು. ಪಾದದ ಆಕಾರ ತುಂಬಾ ಬದಲಾಗಿದ್ದರೆ, ಶುಗರ್‌ನಿಂದ ಗಾಯವಾಗುವ ಅಪಾಯ ಇದ್ದರೆ ಮಾತು ಬೇರೆ. ಅಲ್ಲಿ ಅಳತೆಯದೇ ಬೇಕು.

ಇನ್‌ಸೋಲ್ ಹಾಕಿದರೆ ಪಾದ ಸೋಮಾರಿಯಾಗುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಜೊತೆಗೆ ವ್ಯಾಯಾಮ ನಡೆಯುತ್ತಿದ್ದರೆ ಆ ಚಿಂತೆ ಬೇಡ.

ಬರಿಗಾಲಲ್ಲಿ ನಡೆದರೆ ಪಾದ ಗಟ್ಟಿಯಾಗುತ್ತದೆ ಅಂತಾರೆ?

ಮಾತಿನಲ್ಲಿ ಸತ್ಯ ಇದೆ. ತೆಳು ಸೋಲ್‌ನ, ಬಾಗುವ ಶೂ ಹಾಕಿ ಎಂಟು ವಾರ ನಡೆದವರ ಪಾದದ ಸ್ನಾಯು, ವ್ಯಾಯಾಮ ಮಾಡಿದವರಷ್ಟೇ ಬಲಗೊಂಡಿದ್ದನ್ನು 2019ರ ಅಧ್ಯಯನ ತೋರಿಸಿದೆ. ಆದರೆ ಅದು ನಡಿಗೆ. ಅಂಥ ಶೂನಲ್ಲಿ ಅವಸರದಿಂದ ಓಟಕ್ಕೆ ಇಳಿದವರಲ್ಲಿ ಕೆಲವರ ಮೂಳೆಯಲ್ಲಿ ಹತ್ತು ವಾರದೊಳಗೆ ಒತ್ತಡದ ಊತ ಕಂಡಿದ್ದನ್ನು 2013ರ ಇನ್ನೊಂದು ಅಧ್ಯಯನ ಹೇಳುತ್ತದೆ. ಹಿಮ್ಮಡಿ ಚುಚ್ಚುವ ದಿನಗಳಲ್ಲಿ ಗಟ್ಟಿ ನೆಲದ ಮೇಲೆ ಬರಿಗಾಲು ಬೇಡ. ನೋವು ಇಳಿದ ಮೇಲೆ ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಬಹುದು. ಶುಗರ್‌ನಿಂದ ಸ್ಪರ್ಶ ಕಳೆದುಕೊಂಡವರಿಗೆ ಬರಿಗಾಲು ಬೇಡವೇ ಬೇಡ, ಮನೆಯೊಳಗೂ.

ಚಪ್ಪಟೆ ಪಾದಕ್ಕೆ ಚಿಕಿತ್ಸೆ ಬೇಕಾ?

ನೋವಿಲ್ಲದಿದ್ದರೆ ಬೇಡ. ಚಿಕ್ಕ ಮಕ್ಕಳ ಪಾದ ಚಪ್ಪಟೆ ಇರುವುದೇ ಸಹಜ. ತುದಿಗಾಲಲ್ಲಿ ನಿಂತಾಗ ಕಮಾನು ಕಾಣಿಸಿದರೆ ನಿಶ್ಚಿಂತೆಯಿಂದಿರಿ.

ದೊಡ್ಡವರಲ್ಲಿ ಒಂದೇ ಪಾದ ಹೊಸದಾಗಿ ಚಪ್ಪಟೆಯಾಗುತ್ತಿದ್ದರೆ, ಕಣಕಾಲಿನ ಒಳಬದಿ ನೋಯುತ್ತಿದ್ದರೆ, ಆ ಕಾಲಿನ ತುದಿಯಲ್ಲಿ ಏಳಲು ಆಗದಿದ್ದರೆ ತಡ ಮಾಡಬೇಡಿ. ಕಮಾನನ್ನು ಎತ್ತಿಹಿಡಿಯುವ ಟಿಬಿಯಾಲಿಸ್ ಪೋಸ್ಟೀರಿಯರ್ ಟೆಂಡನ್ ಸೋಲುತ್ತಿರಬಹುದು. ಬೇಗ ಬಂದರೆ ಇನ್‌ಸೋಲ್, ವ್ಯಾಯಾಮದಲ್ಲೇ ನಿಭಾಯಿಸಬಹುದು.

ಹೆಬ್ಬೆರಳು ವಾಲಿ, ಬುಡದಲ್ಲಿ ಗಂಟಾಗಿದೆ. ವ್ಯಾಯಾಮದಿಂದ ನೇರವಾಗುತ್ತದಾ?

ಇಲ್ಲ. ರಾತ್ರಿ ಕಟ್ಟುವ ಪಟ್ಟಿಯಿಂದಲೂ ಇಲ್ಲ, ಜಾಹೀರಾತು ಏನೇ ಹೇಳಲಿ. ಬೆರಳಿನ ಜಾಗ ಅಗಲವಾದ ಶೂ ಹಾಕಿ, ಪಾದದ ಬಲ ಕಾಯ್ದುಕೊಂಡರೆ ನೋವು ಕಮ್ಮಿಯಾಗಬಹುದು. ನೋವು ದಿನದ ಕೆಲಸಕ್ಕೇ ಅಡ್ಡ ಬಂದಾಗ ಆಪರೇಷನ್ ಬಗ್ಗೆ ಮಾತಾಡಿ.

ಶುಗರ್ ಇದೆ. ಈ ವ್ಯಾಯಾಮ ಮಾಡಬಹುದಾ?

ಮೊದಲು ಪಾದದ ಪರೀಕ್ಷೆ. 10 ಗ್ರಾಂ ಒತ್ತಡದ ತೆಳ್ಳಗಿನ ನೈಲಾನ್ ಎಳೆಯಿಂದ ಅಂಗಾಲನ್ನು ಮುಟ್ಟಿ ಸ್ಪರ್ಶ ನೋಡುತ್ತಾರೆ, ನಾಡಿ ನೋಡುತ್ತಾರೆ. ಗಾಯ ಇಲ್ಲದಿದ್ದರೆ, ಅಪಾಯ ಕಮ್ಮಿ ಇದ್ದರೆ ಪಾದ-ಕಣಕಾಲಿನ ವ್ಯಾಯಾಮದಿಂದ ಲಾಭವೇ. ಗಾಯವಿದ್ದಾಗ ಅದರ ಮೇಲೆ ಭಾರ ಹಾಕುವಂತಿಲ್ಲ. ದಿನಾ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ. ಪಾದ ಬಿಸಿಯಾಗಿ, ಕೆಂಪಾಗಿ ಊದಿದ್ದರೆ, ನೋವಿಲ್ಲದಿದ್ದರೂ ಅದೇ ದಿನ ತೋರಿಸಿ. ಅದು ಶಾರ್ಕೋ ಪಾದ, ಅಂದರೆ ನರ ಕೆಟ್ಟ ಪಾದದಲ್ಲಿ ಮೂಳೆ-ಕೀಲು ಹಾಳಾಗುವ ತೊಂದರೆ, ಇರಬಹುದು. ಅದರ ಮೇಲೆ ನಡೆದಷ್ಟೂ ಮೂಳೆಗಳು ಕುಸಿಯುತ್ತವೆ.

ಎಪ್ಪತ್ತು ದಾಟಿದ ಮೇಲೆ ಇದೆಲ್ಲ ಬೇಕಾ?

ಇನ್ನೂ ಜಾಸ್ತಿ ಬೇಕು. ಮೆಲ್ಬರ್ನ್‌ನಲ್ಲಿ ಪಾದದ ನೋವಿದ್ದ 305 ಹಿರಿಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಪಾದ-ಕಣಕಾಲಿನ ವ್ಯಾಯಾಮ, ಇನ್‌ಸೋಲ್, ಶೂ ಬಗ್ಗೆ ಸಲಹೆ, ಬೀಳದಂತೆ ಎಚ್ಚರಿಕೆ, ಎಲ್ಲವನ್ನೂ ಒಟ್ಟಿಗೆ ಕೊಟ್ಟಾಗ ಬೀಳುವುದು 36 ಶೇಕಡಾ ಕಡಿಮೆಯಾಯಿತು. ಪಾದಕ್ಕಾಗಿ ಮಾಡಿದ್ದು ಸೊಂಟದ ಮೂಳೆಯನ್ನೂ ಕಾಯುತ್ತದೆ ಅನ್ನಬಹುದು. ಗಟ್ಟಿ ಕುರ್ಚಿಯೋ ಅಡುಗೆ ಕಟ್ಟೆಯೋ ಹಿಡಿದುಕೊಂಡು, ಎರಡೂ ಕಾಲಲ್ಲಿ ಮಾಡಿ.

ಇಂಜೆಕ್ಷನ್ ಹಾಕಿಸಿಕೊಂಡರೆ ಬೇಗ ಹೋಗಲ್ವಾ?

ಸ್ಟೀರಾಯ್ಡ್ ಇಂಜೆಕ್ಷನ್‌ನಿಂದ ಕೆಲವು ವಾರ ಹಗುರ ಅನ್ನಿಸುತ್ತದೆ. ಅದರ ಜೊತೆ ಅಂಗಾಲಿನ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗುವ ಅಪಾಯವೂ ಇದೆ. ನೋವಿನಿಂದ ನಿದ್ದೆಯೇ ಬಾರದಿದ್ದರೆ ಒಮ್ಮೆ ಹಾಕಿಸಿಕೊಳ್ಳುವುದರಲ್ಲಿ ಅರ್ಥ ಇದೆ, ಮೇಲಿಂದ ಮೇಲೆ ಬೇಡ. ತಿಂಗಳುಗಟ್ಟಲೆ ಬಿಡದ ನೋವಿಗೆ ಶಾಕ್‌ವೇವ್ (ಧ್ವನಿ ಅಲೆಗಳ ಹೊಡೆತದ) ಚಿಕಿತ್ಸೆ ಇನ್ನೊಂದು ದಾರಿ.

ಯಾವಾಗ ಮನೆಮದ್ದು, ವ್ಯಾಯಾಮ ಬಿಟ್ಟು ವೈದ್ಯರ ಹತ್ತಿರ ಓಡಬೇಕು?

ಮೀನಖಂಡದಲ್ಲಿ ಯಾರೋ ಒದ್ದ ಹಾಗೆ 'ಟಪ್' ಅಂದು, ತುದಿಗಾಲಲ್ಲಿ ಏಳಲು ಆಗದಿದ್ದರೆ ಅಕಿಲಿಸ್ ಹರಿದಿರಬಹುದು. ಬಿದ್ದು ಅಥವಾ ಉಳುಕಿ ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಎಕ್ಸ್‌ರೇ ಬೇಕು. ಒಂದು ಮೀನಖಂಡ ಮಾತ್ರ ಊದಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಅದು ತುರ್ತು. ಜ್ವರದ ಜೊತೆ ಪಾದ ಕೆಂಪಾದರೂ ಹಾಗೆಯೇ.

ಇನ್ನು ಅಷ್ಟು ಅವಸರವಿಲ್ಲದ, ಆದರೆ ಬಿಡಬಾರದ ಕೆಲವು. ಓಡುವವರಿಗೆ ಪಾದದ ಮೇಲ್ಭಾಗದ ಮೂಳೆಯಲ್ಲಿ ಒಂದೇ ಕಡೆ ನೋವು ಬಂದರೆ ಒತ್ತಡದ ಬಿರುಕು ಇರಬಹುದು. ಮೊದಲ ಎರಡು-ಮೂರು ವಾರ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು. ಚಿಕ್ಕ ವಯಸ್ಸಿನಲ್ಲಿ ಎರಡೂ ಹಿಮ್ಮಡಿ ನೋವು, ಬೆಳಿಗ್ಗೆ ಅರ್ಧ ಗಂಟೆ ಮೀರಿದ ಬಿಗಿತ, ಜೊತೆಗೆ ಬೆನ್ನು ನೋವೋ ಸೋರಿಯಾಸಿಸೋ ಇದ್ದರೆ ವಾತ ರೋಗ ತಜ್ಞರು ನೋಡಬೇಕು.

ಎಷ್ಟು ದಿನ ಬೇಕು? ಹೋದ ಮೇಲೆ ನಿಲ್ಲಿಸಬಹುದಾ?

ಹನ್ನೆರಡು ವಾರ ಮಾಡದೆ ತೀರ್ಮಾನಕ್ಕೆ ಬರಬೇಡಿ. ಹಿಮ್ಮಡಿ ನೋವು ಹೆಚ್ಚಿನವರಿಗೆ ವರ್ಷದೊಳಗೆ ಹೋಗುತ್ತದೆ, ಕೆಲವರಿಗೆ ಇನ್ನೂ ಎಳೆಯುತ್ತದೆ. ಬೆಳಿಗ್ಗೆಯ ಮೊದಲ ಹೆಜ್ಜೆಯ ನೋವಿಗೆ 0ರಿಂದ 10ರೊಳಗೆ ಅಂಕ ಕೊಟ್ಟು ವಾರಕ್ಕೊಮ್ಮೆ ಬರೆದಿಡಿ. ದಿನದಿಂದ ದಿನಕ್ಕೆ ನೋಡಿದರೆ ಏನೂ ಆಗಿಲ್ಲ ಅನ್ನಿಸುವುದು, ಆರು ವಾರದ ಪಟ್ಟಿಯಲ್ಲಿ ಕಾಣುತ್ತದೆ.

ನೋವು ಹೋದ ಮೇಲೆ ದಿನ ಬಿಟ್ಟು ದಿನ ಬೇಕಿಲ್ಲ. ವಾರಕ್ಕೆ ಎರಡು ದಿನ ತುದಿಗಾಲಲ್ಲಿ ಏಳುವುದನ್ನು ಉಳಿಸಿಕೊಳ್ಳಿ, ಭಾರ ಮಾತ್ರ ಇಳಿಸಬೇಡಿ.